ಬಿಜಾಪುರ ರಸ್ತೆಯ ಆಲದ ಮರಗಳು: ದಾರಿಯ ಗುರುತುಗಳನ್ನು ಚಿತ್ರದಲ್ಲಿ ಉಳಿಸುವ ಬಗೆ

ಊರು ಬಿಟ್ಟು ದುಡಿಯಲು ಬಂದವರಿಗೆ ಊರಿನ ದಾರಿಯೂ ಊರಿನಷ್ಟೇ ಬೇಕಾದದ್ದು. ಮಲ್ಕಾಜ್‌ಗಿರಿಯಲ್ಲಿ ನೆಲೆಸಿರುವ ನಮ್ಮವರಲ್ಲಿ ಸೇಡಂ, ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು ಇದ್ದಾರೆ. ರೈಲಿನಲ್ಲಿ ಹೋಗುವವರು ನಿಲ್ದಾಣಗಳನ್ನು ಎಣಿಸಿ ದೂರವನ್ನು ತಿಳಿಯುತ್ತಾರೆ. ಬಸ್ಸಿನಲ್ಲಿ ಹೋಗುವವರಿಗೆ ಹಲಗೆಯ ಮೇಲಿನ ಹೆಸರಿಗಿಂತ ದಾರಿಯ ಬದಿಯ ಗುರುತುಗಳೇ ಹೆಚ್ಚು. ಕೆರೆಯ ನೀರು ಕಂಡಿತೆಂದರೆ ಪಟ್ಟಣ ಹಿಂದಾಯಿತು. ಆಲದ ಮರಗಳ ಸಾಲು ಬಂದಿತೆಂದರೆ ಚೇವೆಳ್ಳದ ದಾರಿ ಹಿಡಿದೆವು. ಅಂಗಡಿಯ ಹಲಗೆಯಲ್ಲಿ ತೆಲುಗಿನ ಜೊತೆಗೆ ಕನ್ನಡ ಕಾಣಿಸಿತೆಂದರೆ ಗಡಿ ಸಮೀಪಿಸಿತು. ಇವನ್ನು ನಮಗೆ ಯಾರೂ ಕಲಿಸಲಿಲ್ಲ. ಹೋಗಿ ಬಂದು ಕಣ್ಣಿಗೆ ರೂಢಿಯಾದವು.

ಈ ಗುರುತುಗಳಲ್ಲಿ ಬಹಳ ಹಳೆಯದಾದ ಒಂದು, ಎಂದರೆ ಚೇವೆಳ್ಳದ ಕಡೆಯ ಆಲದ ಸಾಲು, ಈಗ ಬದಲಾವಣೆಯ ಹೊಸ್ತಿಲಲ್ಲಿ ನಿಂತಿದೆ. ಅದನ್ನು ಕಂಡಂತೆಯೇ ಚಿತ್ರದಲ್ಲಿ ಉಳಿಸಿಕೊಳ್ಳುವ ಕಾಲ ಇದು. ಆ ಕೆಲಸಕ್ಕೆ ಬೆಲೆಬಾಳುವ ಕ್ಯಾಮೆರಾ ಬೇಕಿಲ್ಲ, ಕಲಾವಿದನ ಹೆಸರೂ ಬೇಕಿಲ್ಲ. ಜೇಬಿನಲ್ಲಿರುವ ಮೊಬೈಲು, ಒಂದು ಭಾನುವಾರ ಮತ್ತು ಸ್ವಲ್ಪ ಶಿಸ್ತು ಸಾಕು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ದಾರಿಯ ಪರಿಚಯ

ಹೈದರಾಬಾದಿನಿಂದ ಪಶ್ಚಿಮಕ್ಕೆ ಹೊರಡುವ ಈ ರಸ್ತೆಗೆ ಈಗ ರಾಷ್ಟ್ರೀಯ ಹೆದ್ದಾರಿ ೧೬೩ ಎಂಬ ಸಂಖ್ಯೆ ಇದೆ. ಜನರ ಬಾಯಲ್ಲಿ ಅದು ಇಂದಿಗೂ ಬಿಜಾಪುರ ರಸ್ತೆಯೇ. ಪೊಲೀಸ್ ಅಕಾಡೆಮಿಯ ಕೂಡುರಸ್ತೆಯನ್ನು ದಾಟಿದ ಮೇಲೆ ಎಡಬಲಗಳಲ್ಲಿ ಎರಡು ದೊಡ್ಡ ಜಲಾಶಯಗಳ ಸೀಮೆ ಬರುತ್ತದೆ. ೧೯೦೮ ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ನಗರದಲ್ಲಿ ಸಾವಿರಾರು ಜನ ಸತ್ತ ಮೇಲೆ, ಪ್ರವಾಹವನ್ನು ತಡೆಯುವುದಕ್ಕೂ ನಗರಕ್ಕೆ ಕುಡಿಯುವ ನೀರು ಒದಗಿಸುವುದಕ್ಕೂ ಕಟ್ಟಿದ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ಇವೇ. ಮುಂದೆ ಮೊಯಿನಾಬಾದ್, ಚೇವೆಳ್ಳ, ಮನ್ನೆಗೂಡ, ಪರಿಗಿ, ಕೊಡಂಗಲ್ ಎಂದು ದಾರಿ ಸಾಗಿ ಗಡಿಯನ್ನು ಮುಟ್ಟುತ್ತದೆ. ಗಡಿಯ ಆಚೆ ಸೇಡಂ, ಅದರ ಮುಂದೆ ಕಾಗಿಣಾ ನದಿಯ ದಂಡೆಯ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ, ಅಲ್ಲಿಂದ ಕಲಬುರಗಿ.

ಈ ದಾರಿಯ ಬಲಗಡೆಯ ಅನಂತಗಿರಿ ಬೆಟ್ಟಗಳಲ್ಲಿ ಮೂಸಿ ಹುಟ್ಟಿ ಪೂರ್ವಕ್ಕೆ ಹೈದರಾಬಾದಿಗೆ ಹರಿಯುತ್ತದೆ. ಅದೇ ಬೆಟ್ಟಗಳ ಕಡೆಯಿಂದ ಕಾಗಿಣಾ ಪಶ್ಚಿಮಕ್ಕೆ ಹೊರಟು ನಮ್ಮ ನಾಡಿನ ಭೀಮೆಯನ್ನು ಸೇರುತ್ತದೆ. ದುಡಿಯುವ ಊರಿನ ನೀರೂ ಹುಟ್ಟಿದ ಊರಿನ ನೀರೂ ಒಂದೇ ಬೆಟ್ಟದ್ದೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ಇನ್ನೊಂದು ಸಂಗತಿಯನ್ನೂ ಇಲ್ಲಿ ನೆನೆಯಬೇಕು. ೧೯೫೬ ರ ನವೆಂಬರ್ ೧ ರವರೆಗೆ ಈ ದಾರಿಗೆ ರಾಜ್ಯದ ಗಡಿ ಎಂಬುದೇ ಇರಲಿಲ್ಲ. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಹೈದರಾಬಾದು ರಾಜ್ಯದಲ್ಲಿದ್ದವು. ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಕಲಬುರಗಿ ಜಿಲ್ಲೆಗೇ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಆ ಎರಡು ತಾಲೂಕುಗಳು ಆಂಧ್ರ ಪ್ರದೇಶಕ್ಕೆ ಹೋದವು, ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಕಚೇರಿಯ ಕೆಲಸಕ್ಕೆ, ಆಸ್ಪತ್ರೆಗೆ, ಓದಿಗೆ ಎಂದು ನಮ್ಮ ಹಿರಿಯರು ಹೈದರಾಬಾದಿಗೆ ಬರುತ್ತಿದ್ದಾಗ ಅದು ಪರರಾಜ್ಯದ ಪ್ರಯಾಣವಾಗಿರಲಿಲ್ಲ, ತಮ್ಮದೇ ರಾಜಧಾನಿಗೆ ಬರುವುದಾಗಿತ್ತು.

ಮರಗಳ ಕಥೆ

ಪೊಲೀಸ್ ಅಕಾಡೆಮಿಯಿಂದ ಮನ್ನೆಗೂಡದವರೆಗಿನ ಸುಮಾರು ೪೬ ಕಿಲೋಮೀಟರಿನಲ್ಲಿ ಒಂಬೈನೂರರಷ್ಟು ಆಲದ ಮರಗಳಿವೆ. ಇವು ನಿಜಾಮರ ಕಾಲದವೆಂದು ಜನ ಹೇಳುತ್ತಾರೆ. ಕೆಲವು ಕಡೆ ಎರಡೂ ಬದಿಯ ಕೊಂಬೆಗಳು ನೆತ್ತಿಯ ಮೇಲೆ ಕೂಡಿ, ಬಸ್ಸು ಹಸಿರು ಚಪ್ಪರದ ಅಡಿಯಲ್ಲಿ ಹೋದಂತೆ ಕಾಣುತ್ತದೆ.

ಹೆದ್ದಾರಿಗೆ ಆಲವನ್ನೇ ಏಕೆ ಆರಿಸಿದರೆಂದು ಕೇಳಬಹುದು. ಆಲದ ದಪ್ಪ ಕೊಂಬೆಯನ್ನು ಕಡಿದು ನೆಟ್ಟರೆ ಅದೇ ಬೇರು ಬಿಡುತ್ತದೆ. ದನಕರು ತಿನ್ನದಷ್ಟು ಎತ್ತರಕ್ಕೆ ಮೊದಲೇ ನಿಂತಿರುತ್ತದೆ. ಒಮ್ಮೆ ಹಿಡಿದುಕೊಂಡರೆ ಬರಗಾಲವನ್ನು ತಾಳುತ್ತದೆ. ನೆರಳು ಅಗಲವಾದದ್ದು. ಎತ್ತಿನ ಬಂಡಿಯವನು ನಡು ಹಗಲಿನಲ್ಲಿ ಎತ್ತು ಬಿಚ್ಚಿ, ಬುತ್ತಿ ಬಿಚ್ಚಿ, ಬಿಸಿಲು ಇಳಿಯುವವರೆಗೆ ಮಲಗಲು ಬೇಕಾದದ್ದು ಇಂಥ ಮರವೇ. ಹಣ್ಣು ಹಕ್ಕಿಗಳಿಗೆ ಆಹಾರ. ಮರ ನಾಟಾ ಕೆಲಸಕ್ಕೆ ಅಷ್ಟಾಗಿ ಬಾರದ್ದರಿಂದ ಕಡಿಯುವವರ ಆಸೆಯೂ ಕಡಿಮೆ.

ಈ ಪದ್ಧತಿ ಹೊಸದಲ್ಲ. ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಯಲ್ಲಿ ಆಲದ ಮರಗಳನ್ನು ನೆಡಿಸಿದುದಾಗಿ ಅಶೋಕನು ತನ್ನ ಏಳನೆಯ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ಶಾಸನಗಳ ದೇವಾನಾಂಪ್ರಿಯನೇ ಅಶೋಕನೆಂಬುದು, ಆತನ ಹೆಸರನ್ನೇ ಕೊರೆದಿದ್ದ ಒಂದು ಶಾಸನ ೧೯೧೫ ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಮೇಲೆ ಸ್ಥಿರವಾಯಿತು.

ಎರಡೂ ಕಡೆಯ ನ್ಯಾಯ

ಈ ನಲವತ್ತಾರು ಕಿಲೋಮೀಟರನ್ನು ನಾಲ್ಕು ಸಾಲಿನ ರಸ್ತೆಯಾಗಿ ಅಗಲ ಮಾಡಲು ಸರ್ಕಾರ ನಿಶ್ಚಯಿಸಿತು. ಮರಗಳನ್ನು ಉಳಿಸಬೇಕೆನ್ನುವ ನಾಗರಿಕರು ಒಂದೊಂದು ಮರದ ಸ್ಥಳವನ್ನೂ ಗುರುತು ಮಾಡಿ ಚಿತ್ರ ತೆಗೆದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಗಿ ಕೆಲಸ ಕೆಲವು ವರ್ಷ ನಿಂತಿತು. ೨೦೨೫ ರ ಕೊನೆಯ ಹೊತ್ತಿಗೆ, ಬಹುಪಾಲು ಮರಗಳನ್ನು ನಿಂತಲ್ಲಿಯೇ ಬಿಟ್ಟು, ಉಳಿಸಲಾಗದವನ್ನು ಬೇರುಸಹಿತ ಕಿತ್ತು ಬೇರೆ ಕಡೆ ನೆಡುವ ಏರ್ಪಾಡಿನ ಮೇಲೆ ರಸ್ತೆಯ ಕೆಲಸಕ್ಕೆ ದಾರಿಯಾಯಿತು.

ಅದೇ ದಿನಗಳಲ್ಲಿ, ೨೦೨೫ ರ ನವೆಂಬರ್ ೩ ರ ಬೆಳಿಗ್ಗೆ, ಚೇವೆಳ್ಳದ ಬಳಿಯ ಮಿರ್ಜಾಗೂಡದಲ್ಲಿ ಜಲ್ಲಿಕಲ್ಲು ತುಂಬಿದ ಟಿಪ್ಪರೊಂದು ತಾಂಡೂರಿನಿಂದ ಬರುತ್ತಿದ್ದ ಸಾರಿಗೆ ಬಸ್ಸಿಗೆ ಎದುರಿನಿಂದ ಬಡಿಯಿತು. ಜಲ್ಲಿ ಪ್ರಯಾಣಿಕರ ಮೇಲೆಯೇ ಸುರಿಯಿತು. ಹತ್ತೊಂಬತ್ತು ಮಂದಿ ಸತ್ತರು. ಓದಿಗಾಗಿ, ಕೆಲಸಕ್ಕಾಗಿ ಊರಿನಿಂದ ಪಟ್ಟಣಕ್ಕೆ ಮರಳುತ್ತಿದ್ದವರು ಆ ಬಸ್ಸಿನಲ್ಲಿದ್ದರು. ನಮ್ಮ ವಾಚಕರಲ್ಲಿ ಯಾರಾದರೂ ಅದರಲ್ಲಿ ಕುಳಿತಿರಬಹುದಾಗಿತ್ತು.

ಆದ್ದರಿಂದ ರಸ್ತೆ ಅಗಲವಾಗಬಾರದೆಂದು ಹೇಳಲು ನಮಗೆ ಬಾಯಿ ಬರುವುದಿಲ್ಲ. ಇಕ್ಕಟ್ಟಾದ ದಾರಿಯಲ್ಲಿ ವಾರಕ್ಕೊಮ್ಮೆ ಜೀವ ಕೈಯಲ್ಲಿ ಹಿಡಿದು ಓಡಾಡುವವರು ನಾವೇ. ಹಾಗೆಂದು, ನೆಟ್ಟವರ ಮೊಮ್ಮಕ್ಕಳ ಕಾಲಕ್ಕೆ ನೆರಳು ಕೊಟ್ಟ ಮರ ದಾರಿಗೆ ಅಡ್ಡಿ ಎಂದು ಸುಲಭವಾಗಿ ಹೇಳುವುದೂ ನಮ್ಮಿಂದಾಗದು. ಮರಗಳನ್ನು ನಡುವೆ ಬಿಟ್ಟು ಎರಡು ಬದಿಗೂ ರಸ್ತೆ ಹಾಕುವ ವಿಧಾನ ಎರಡು ನ್ಯಾಯಗಳಿಗೂ ಸಲ್ಲಬಹುದು. ಆದರೆ ಎಷ್ಟೇ ಜಾಗ್ರತೆ ವಹಿಸಿದರೂ ದಾರಿಯ ಇಂದಿನ ರೂಪ ಉಳಿಯುವುದಿಲ್ಲ. ಬೇರೆ ಕಡೆ ನೆಟ್ಟ ಮರ ಬದುಕಿದರೂ ಅದು ಮೊದಲಿದ್ದ ಸ್ಥಳ ಯಾವುದೆಂದು ಹೇಳಲು ಏನಾದರೂ ಬೇಕು. ಚಿತ್ರದ ಕೆಲಸ ಇಲ್ಲಿಯೇ ಬರುತ್ತದೆ.

ನಮ್ಮ ಕನ್ನಡ ನಾಡಿನಲ್ಲೂ ಇಂಥದೇ ಪ್ರಸಂಗ ನಡೆದಿದೆ. ರಾಮನಗರದ ಸೀಮೆಯ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು ಕಲ್ಲುಗಣಿಯಲ್ಲಿ ಕೂಲಿ ಮಾಡಿದವರು. ಮಕ್ಕಳಿಲ್ಲದ ಅವರೂ ಅವರ ಯಜಮಾನರಾದ ಚಿಕ್ಕಯ್ಯನವರೂ ಹುಲಿಕಲ್ಲಿನಿಂದ ಕುದೂರಿನವರೆಗಿನ ದಾರಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ನೀರು ಹೊತ್ತು ಹಾಕಿ, ಮುಳ್ಳಿನ ಬೇಲಿ ಕಟ್ಟಿ ಬೆಳೆಸಿದರು. ಆ ಸಾಲಿನ ಮರಗಳು ೩೮೫ ಎಂದು ಹೇಳಲಾಗಿದೆ. ೨೦೧೯ ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣದಲ್ಲಿ ಆ ಮರಗಳಿಗೇ ಕುತ್ತು ಬಂದು, ಅವನ್ನು ಉಳಿಸಿಕೊಡಿರೆಂದು ಆ ವೃದ್ಧೆಯೇ ಸರ್ಕಾರವನ್ನು ಕೇಳಿಕೊಳ್ಳಬೇಕಾಯಿತು. ೨೦೨೫ ರ ನವೆಂಬರ್ ೧೪ ರಂದು ತಿಮ್ಮಕ್ಕನವರು ತೀರಿಕೊಂಡರು. ಅವರನ್ನು ನೋಡದವರೂ ಅವರ ಮರಗಳನ್ನು ಬಲ್ಲರು. ಸಾಲಿನ ನಡುವೆ ಅವರು ನಿಂತ ಚಿತ್ರಗಳು ನಾಡಿನಲ್ಲೆಲ್ಲ ಹರಡಿದ್ದೇ ಇದಕ್ಕೆ ಬಹುಮಟ್ಟಿಗೆ ಕಾರಣ.

ಇತರರು ಮಾಡಿದ್ದು

ಹೆದ್ದಾರಿಯ ಚಿತ್ರ ತೆಗೆಯುವುದು ಹುಚ್ಚು ಹವ್ಯಾಸವೆಂದು ಕೆಲವರಿಗೆ ತೋರಬಹುದು. ಅಮೆರಿಕ ದೇಶದ ಒಂದು ಉದಾಹರಣೆಯನ್ನು ನೋಡೋಣ. ಅಲ್ಲಿ ಶಿಕಾಗೋ ನಗರದಿಂದ ಪಶ್ಚಿಮ ಸಮುದ್ರದ ಕಡೆಗೆ ಲಾಸ್ ಏಂಜಲೀಸಿನವರೆಗೆ ಹೋಗುವ ೬೬ ನೆಯ ನಂಬರಿನ ಹೆದ್ದಾರಿಯೊಂದು ೧೯೨೬ ರಲ್ಲಿ ಏರ್ಪಟ್ಟಿತು. ಉದ್ದ ಸುಮಾರು ೩,೯೦೦ ಕಿಲೋಮೀಟರು. ೧೯೩೦ ರ ನಂತರದ ವರ್ಷಗಳಲ್ಲಿ ಬರಗಾಲ ಬಂದು, ಹೊಲದ ಮಣ್ಣೇ ಧೂಳಾಗಿ ಹಾರಿಹೋದಾಗ, ಸಾವಿರಾರು ರೈತ ಕುಟುಂಬಗಳು ಹಾಸಿಗೆ ಪಾತ್ರೆಗಳನ್ನು ಹಳೆಯ ಮೋಟಾರುಗಳಿಗೆ ಕಟ್ಟಿಕೊಂಡು ಕೂಲಿ ಹುಡುಕುತ್ತ ಈ ದಾರಿ ಹಿಡಿದವು. ಡೊರೊಥಿಯಾ ಲ್ಯಾಂಗ್ ಮೊದಲಾದವರು ಸರ್ಕಾರದ ನೌಕರರಾಗಿ ಅಂಥ ವಲಸೆಗಾರರ ಚಿತ್ರಗಳನ್ನು ತೆಗೆದರು. ಆ ಜನರ ಕಷ್ಟವನ್ನು ದೇಶ ಕಣ್ಣಾರೆ ಕಂಡದ್ದು ಆ ಚಿತ್ರಗಳಿಂದ.

ಮುಂದೆ ಅಗಲವಾದ ಹೊಸ ಹೆದ್ದಾರಿಗಳು ಬಂದವು. ಹಳೆಯ ದಾರಿಯ ಊರುಗಳಿಗೆ ವಾಹನಗಳು ಬರುವುದು ನಿಂತಿತು. ಪೆಟ್ರೋಲು ಬಂಕು, ಊಟದ ಹೋಟೆಲು, ತಂಗುಮನೆಗಳು ಒಂದೊಂದಾಗಿ ಮುಚ್ಚಿದವು. ೧೯೮೫ ರಲ್ಲಿ ೬೬ ಎಂಬ ನಂಬರನ್ನೇ ಸರ್ಕಾರದ ಪಟ್ಟಿಯಿಂದ ತೆಗೆದುಹಾಕಿದರು. ಈ ಅವಧಿಯಲ್ಲಿ ಜಾನ್ ಮಾರ್ಗೊಲೀಸ್ ಎಂಬವರು ಬಾಡಿಗೆಯ ಕಾರುಗಳಲ್ಲಿ ದೇಶವನ್ನೆಲ್ಲ ಸುತ್ತಿ, ದೊಡ್ಡವರು ಯಾರೂ ಬೆಲೆ ಕೊಡದಿದ್ದ ದಾರಿಬದಿಯ ಅಂಗಡಿ, ಹೋಟೆಲು, ಸಿನಿಮಾ ಮಂದಿರ, ಬಣ್ಣದ ಹಲಗೆಗಳ ಚಿತ್ರ ತೆಗೆದರು. ಸುಮಾರು ನಲವತ್ತು ವರ್ಷ ಅದೇ ಕೆಲಸ. ಬೆಳಗಿನ ಬೆಳಕು, ಮೋಡವಿಲ್ಲದ ಆಕಾಶ, ಎದುರಿಗೆ ಯಾವ ವಾಹನವೂ ಇಲ್ಲದಿರುವುದು, ಇದು ಅವರ ನಿಯಮ. ಅವರ ೧೧,೭೧೦ ಚಿತ್ರಗಳು ಈಗ ಆ ದೇಶದ ಕಾಂಗ್ರೆಸ್ ಗ್ರಂಥಾಲಯದಲ್ಲಿವೆ. ಯಾರು ಬೇಕಾದರೂ ನೋಡಬಹುದು, ಬಳಸಬಹುದು. ಅವುಗಳಲ್ಲಿರುವ ಎಷ್ಟೋ ಕಟ್ಟಡಗಳು ಇಂದು ನೆಲದ ಮೇಲೆ ಇಲ್ಲ. ಹಳೆಯ ದಾರಿಯನ್ನು ಕಾಪಾಡಲು ೧೯೯೯ ರಲ್ಲಿ ಅಲ್ಲಿ ಒಂದು ಕಾನೂನೇ ಆಯಿತು.

ಅಷ್ಟು ದೂರ ಹೋಗಬೇಕಾದದ್ದೂ ಇಲ್ಲ. ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ ಚಿತ್ರಶಾಲೆ ಇಟ್ಟಿದ್ದ ರಾಜಾ ದೀನ್ ದಯಾಳರ ಹೆಸರನ್ನು ಕೇಳದವರು ವಿರಳ. ನಿಜಾಮರ ಆಸ್ಥಾನದ ಛಾಯಾಗ್ರಾಹಕರೆಂದು ಪ್ರಸಿದ್ಧರಾದ ಅವರು ವೃತ್ತಿಯನ್ನು ಆರಂಭಿಸಿದ್ದು ಇಂದೋರಿನ ಲೋಕೋಪಯೋಗಿ ಕಚೇರಿಯಲ್ಲಿ, ನಕ್ಷೆ ಬರೆಯುವ ಮತ್ತು ಅಂದಾಜು ಪಟ್ಟಿ ತಯಾರಿಸುವ ನೌಕರರಾಗಿ. ಕಚೇರಿಯ ಕೆಲಸದಲ್ಲಿದ್ದುಕೊಂಡೇ ಅವರು ಕ್ಯಾಮೆರಾ ಕಲಿತರು. ೧೯೦೫ ರಲ್ಲಿ ಅವರು ತೀರಿಕೊಂಡರು. ಹೈದರಾಬಾದು ಆಗ ಹೇಗಿತ್ತೆಂದು ತಿಳಿಯಬೇಕಾದರೆ ಇಂದಿಗೂ ಅವರ ಚಿತ್ರಗಳನ್ನೇ ನೋಡಬೇಕು. ಗುಮಾಸ್ತರಾಗಿರುವ ನಮ್ಮ ವಾಚಕರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ.

ಚಿತ್ರ ತೆಗೆಯುವ ಕ್ರಮ

ಇನ್ನು ಕೆಲಸದ ಮಾತು. ಮಲ್ಕಾಜ್‌ಗಿರಿಯಿಂದ ನಸುಕಿನಲ್ಲೇ ಹೊರಟು ಮೆಹದಿಪಟ್ಟಣವನ್ನು ಸೇರಿ ಚೇವೆಳ್ಳದ ಬಸ್ಸು ಹಿಡಿದರೆ ಬಿಸಿಲೇರುವ ಮೊದಲೇ ಮರಗಳ ಬಳಿ ಇರಬಹುದು. ದಾರಿ ಪಶ್ಚಿಮಕ್ಕೆ ಹೋಗುವುದರಿಂದ ಬೆಳಿಗ್ಗೆ ಹೋಗುವಾಗ ಸೂರ್ಯ ನಮ್ಮ ಬೆನ್ನಿಗೆ ಇರುತ್ತಾನೆ. ಎದುರಿನ ಕಾಂಡದ ಮೇಲೆ ಬೆಳಕು ಚೆನ್ನಾಗಿ ಬೀಳುತ್ತದೆ. ಸಂಜೆ ಇದರ ವಿರುದ್ಧ: ಊರಿನಿಂದ ಮರಳುವಾಗ ಪೂರ್ವಕ್ಕೆ ಮುಖ ಮಾಡಿ ತೆಗೆಯಬೇಕು. ನಡುಹಗಲು ಬೇಡ. ಆಗ ಎಲೆಗಳ ಕೆಳಗೆ ಕಪ್ಪು ನೆರಳು, ಆಚೆ ಕಣ್ಣು ಕುಕ್ಕುವ ಬಿಳುಪು. ಚಿತ್ರದಲ್ಲಿ ಎರಡೂ ಕೆಡುತ್ತವೆ. ಮೊಬೈಲಿನಲ್ಲಿ ಆಕಾಶ ಬೆಳಗಿ ಮರ ಕಪ್ಪಾಗಿ ಕಂಡರೆ, ಪರದೆಯ ಮೇಲೆ ಕಾಂಡವಿರುವ ಜಾಗವನ್ನು ಬೆರಳಿನಿಂದ ಮುಟ್ಟಿದರೆ ಬೆಳಕು ಸರಿಹೋಗುತ್ತದೆ.

ಒಂದೊಂದು ಗುರುತಿಗೂ ಮೂರು ಚಿತ್ರ ತೆಗೆಯುವುದು ಒಳ್ಳೆಯ ರೂಢಿ. ಮೊದಲನೆಯದು ದೂರದಿಂದ: ರಸ್ತೆ, ಎರಡೂ ಬದಿ, ಹಿಂದಿನ ಗುಡ್ಡ ಅಥವಾ ಕಟ್ಟಡ ಎಲ್ಲ ಸೇರಿ, ಮುಂದೆ ಬಂದವನು ಅದೇ ಜಾಗದಲ್ಲಿ ನಿಂತು ಹೋಲಿಸಿ ನೋಡುವಂತಿರಬೇಕು. ಎರಡನೆಯದು ಇಡೀ ಮರ ಅಥವಾ ಕಟ್ಟಡ, ಬುಡದಿಂದ ತುದಿಯವರೆಗೆ. ಮೂರನೆಯದು ಹತ್ತಿರದಿಂದ: ಬಿಳಲುಗಳು, ಕಾಂಡಕ್ಕೆ ಬಳಿದ ಸುಣ್ಣ ಮತ್ತು ಕೆಮ್ಮಣ್ಣು, ಬರೆದ ಸಂಖ್ಯೆ, ಬುಡದಲ್ಲಿ ಯಾರೋ ಇಟ್ಟ ಕಲ್ಲಿನ ದೇವರು. ಮಾರ್ಗೊಲೀಸರು ಮನುಷ್ಯರನ್ನು ಚಿತ್ರದಿಂದ ದೂರವಿಟ್ಟರು. ನಮಗೆ ಆ ನಿಯಮ ಬೇಡ. ಮರದ ಬಳಿ ಒಬ್ಬರು ನಿಂತರೆ ಅದರ ಗಾತ್ರ ಒಮ್ಮೆಗೇ ತಿಳಿಯುತ್ತದೆ. ನೆರಳಿನಲ್ಲಿ ಸೀತಾಫಲ, ಜೋಳದ ತೆನೆ, ಎಳನೀರು ಮಾರುವವರು ಇದ್ದರೆ ಅವರೂ ದಾರಿಗೆ ಸೇರಿದವರೇ. ಆದರೆ ಅವರನ್ನು ಕೇಳಿಯೇ ತೆಗೆಯಬೇಕು, ಬೇಡವೆಂದರೆ ಬಿಡಬೇಕು.

ಮರದ ಸುತ್ತಳತೆಯನ್ನೂ ಬರೆದುಕೊಂಡರೆ ಚಿತ್ರಕ್ಕೆ ಬೆಲೆ ಹೆಚ್ಚು. ನೆಲದಿಂದ ಎದೆಮಟ್ಟಕ್ಕೆ, ಸುಮಾರು ೧.೩೭ ಮೀಟರು ಎತ್ತರದಲ್ಲಿ, ಹಗ್ಗವನ್ನೋ ಪಂಚೆಯನ್ನೋ ಸುತ್ತಿ ಗುರುತು ಮಾಡಿ, ಮನೆಗೆ ಬಂದು ಟೇಪಿನಿಂದ ಅಳೆಯಬಹುದು. ಬಿಳಲು ಕಾಂಡದೊಡನೆ ಕೂಡಿಕೊಂಡಿದ್ದರೆ ಆ ಮಾತನ್ನೂ ಬರೆಯಬೇಕು.

ಮರಗಳಷ್ಟೇ ಗುರುತುಗಳಲ್ಲ. ಕಿಲೋಮೀಟರಿನ ಕಲ್ಲುಗಳನ್ನು ನೋಡಿರಿ: ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾದರೆ ಹಳ್ಳಿಯ ರಸ್ತೆ. ಬಣ್ಣ ಬದಲಾದ ಕಲ್ಲಿನಲ್ಲಿ ರಸ್ತೆಯ ದರ್ಜೆ ಬದಲಾದ ಚರಿತ್ರೆ ಇರುತ್ತದೆ. ಹಳೆಯ ಬಾವಿ, ಸಣ್ಣ ಕಲ್ಲುಸೇತುವೆ, ದರ್ಗಾ, ಹನುಮಂತನ ಗುಡಿ, ಚಹಾದ ಹೋಟೆಲು, ತಾಂಡೂರಿನ ಹಾಸುಗಲ್ಲು ಹೊದಿಸಿದ ಮನೆ, ಗಡಿಯ ಬಳಿ ಎರಡು ಭಾಷೆ ಬರೆದ ಹಲಗೆ ಇವೆಲ್ಲ ಚಿತ್ರಕ್ಕೆ ಯೋಗ್ಯವೇ. ಸುಂದರವಾದದ್ದನ್ನು ಮಾತ್ರ ಆರಿಸಬಾರದು. ಮೊದಲು ಮಾಯವಾಗುವುದು ಸಾಮಾನ್ಯವಾದದ್ದು.

ಎಚ್ಚರಿಕೆಯ ಎರಡು ಮಾತು. ಈ ದಾರಿಯಲ್ಲಿ ಟಿಪ್ಪರುಗಳು ವೇಗವಾಗಿ ಓಡಾಡುತ್ತವೆ. ರಸ್ತೆಯ ಮೇಲೆ ನಿಂತು ಚಿತ್ರ ತೆಗೆಯಕೂಡದು. ಡಾಂಬರನ್ನು ಬಿಟ್ಟು ಮಣ್ಣಿನ ಬದಿಯಲ್ಲೇ ನಿಲ್ಲಬೇಕು, ಇಬ್ಬರು ಹೋದರೆ ಒಬ್ಬರು ವಾಹನಗಳ ಮೇಲೆ ಕಣ್ಣಿಡಬೇಕು. ಓಡಿಸುತ್ತಿರುವ ಬೈಕಿನಿಂದ ಚಿತ್ರ ತೆಗೆಯುವ ಸಾಹಸ ಖಂಡಿತ ಬೇಡ.

ಚಿತ್ರಕ್ಕೆ ಬರವಣಿಗೆ ಬೇಕು

ಹೆಸರಿಲ್ಲದ ಚಿತ್ರ ಹತ್ತು ವರ್ಷದ ಮೇಲೆ ತೆಗೆದವನಿಗೇ ಅರ್ಥವಾಗುವುದಿಲ್ಲ. ಪ್ರತಿಯೊಂದಕ್ಕೂ ನಾಲ್ಕು ಸಂಗತಿ ಬರೆಯಿರಿ: ತಾರೀಖು, ಹತ್ತಿರದ ಊರು, ಸಮೀಪದ ಕಿಲೋಮೀಟರು ಕಲ್ಲಿನ ಸಂಖ್ಯೆ, ಯಾವ ದಿಕ್ಕಿಗೆ ಮುಖ ಮಾಡಿ ತೆಗೆದದ್ದು. ಸ್ಥಳೀಯರು ಆ ಜಾಗಕ್ಕೆ ಕರೆಯುವ ಹೆಸರನ್ನು ಕೇಳಿ, ಅವರು ಹೇಳಿದಂತೆಯೇ ಬರೆಯಿರಿ. ಮೊಬೈಲಿನಲ್ಲಿ ಸ್ಥಳ ದಾಖಲಿಸುವ ಗುಂಡಿಯನ್ನು ತೆರೆದಿಟ್ಟರೆ ಚಿತ್ರದೊಳಗೆ ಸ್ಥಳವೂ ಸೇರಿಕೊಳ್ಳುತ್ತದೆ. ಆದರೆ ವಾಟ್ಸಾಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಅದು ಕಳೆದುಹೋಗಿ ಚಿತ್ರವೂ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದಂತೆಯೇ ತಲಪುತ್ತದೆ. ಬಣ್ಣ ಏರಿಸುವುದು, ಆಕಾಶ ಬದಲಿಸುವುದು ಮುಂತಾದ ಚಮತ್ಕಾರಗಳನ್ನು ಮಾಡಬೇಡಿರಿ. ಸಾಕ್ಷಿ ಹೇಳುವ ಚಿತ್ರ ಕಂಡದ್ದನ್ನೇ ಹೇಳಬೇಕು. ಮೊಬೈಲು ಕೆಡುತ್ತದೆ, ಕಳೆಯುತ್ತದೆ. ಆದ್ದರಿಂದ ಮುಖ್ಯವಾದ ಚಿತ್ರಗಳ ಪ್ರತಿಯನ್ನು ಇನ್ನೊಂದು ಕಡೆ ಇಡುವುದೂ, ಕೆಲವನ್ನಾದರೂ ಕಾಗದದ ಮೇಲೆ ಅಚ್ಚು ಹಾಕಿಸುವುದೂ ಲೇಸು.

ಹೀಗೆ ತೆಗೆದ ಚಿತ್ರಗಳಿಗಾಗಿ ನಮ್ಮ ವಾಚನಾಲಯದ ಮೇಜಿನ ಮೇಲೆ ದಪ್ಪ ಹಾಳೆಯ ಪುಸ್ತಕವೊಂದನ್ನು ಇಡುತ್ತೇವೆ. ಹಿಮಾಯತ್ ಸಾಗರದಿಂದ ಕಲಬುರಗಿಯವರೆಗೆ ಊರಿನ ಅನುಕ್ರಮದಲ್ಲಿ ಹಾಳೆಗಳಿಗೆ ಹೆಸರು ಬರೆದಿರುತ್ತದೆ. ವಾಚಕರು ತಂದ ಚಿತ್ರವನ್ನು ಆಯಾ ಊರಿನ ಹಾಳೆಗೆ ಅಂಟಿಸಿ ಕೆಳಗೆ ವಿವರ ಬರೆಯಬಹುದು. ಮನೆಯಲ್ಲಿ ಹಳೆಯ ಚಿತ್ರಗಳಿದ್ದರೆ, ಮದುವೆಯ ದಿಬ್ಬಣ ಮರದ ಕೆಳಗೆ ಇಳಿದಾಗ ತೆಗೆದದ್ದೋ, ಬಸ್ಸು ಕೆಟ್ಟು ನಿಂತಾಗ ತೆಗೆದದ್ದೋ, ಅವನ್ನೂ ತನ್ನಿರಿ. ಪ್ರತಿ ಮಾಡಿಕೊಂಡು ಮೂಲವನ್ನು ಹಿಂದಿರುಗಿಸುತ್ತೇವೆ. ಬರುವ ಹಬ್ಬದ ರಜೆಗೆ ಊರಿಗೆ ಹೊರಡುವವರು ಕಿಟಕಿಯ ಪಕ್ಕದ ಸೀಟು ಹಿಡಿದು ಈ ಬಾರಿ ಸ್ವಲ್ಪ ಎಚ್ಚರವಾಗಿ ಕುಳಿತು ನೋಡಲಿ, ಮತ್ತು ಯಾವ ಜಾಗದ ಹಾಳೆ ಇನ್ನೂ ಖಾಲಿ ಇದೆ ಎಂಬುದನ್ನು ಹೊರಡುವ ಮೊದಲೇ ಇಲ್ಲಿಗೆ ಬಂದು ತಿಳಿದುಕೊಳ್ಳಲಿ ಎಂದು ಕೋರುತ್ತೇವೆ.